ಮಂಜುಗಡ್ಡೆ, ಬಂಡೆ ಕರಗದೆ ಹರಿಯುವುದು ಹೇಗೆ?

ಮಂಜುಗಡ್ಡೆ, ಬಂಡೆ ಎರಡೂ ಹೊಡೆದರೆ ಒಡೆಯುತ್ತವೆ. ಅವು ಹರಿಯುತ್ತವೆ ಅಂದರೆ ಒಳಗೆ ಕರಗಿವೆ ಅಂತಲೇ ಅಲ್ವಾ ಎಂದು ಕೇಳಿದ್ದೀರಿ. ಅಲ್ಲ. ಗಟ್ಟಿಯಾಗಿ ಇದ್ದುಕೊಂಡೇ ಹರಿಯುತ್ತವೆ.

ಮೊದಲು ಹಿಮನದಿ, ಅಂದರೆ ಇಳಿಜಾರಿನಲ್ಲಿ ನಿಧಾನವಾಗಿ ಹರಿಯುವ ಮಂಜುಗಡ್ಡೆಯ ರಾಶಿ ನೋಡೋಣ. ಮಂಜಿನ ಹರಳಿನಲ್ಲಿ ನೀರಿನ ಅಣುಗಳು ಪದರ ಪದರವಾಗಿ ಕೂತಿರುತ್ತವೆ. ಇಡೀ ಪದರ ಒಂದೇ ಸಲ ಜಾರಬೇಕಾದರೆ ಭಾರಿ ಬಲ ಬೇಕು. ಆದರೆ ಯಾವ ಹರಳಿನ ಜೋಡಣೆಯೂ ಪೂರ್ತಿ ಸರಿ ಇರುವುದಿಲ್ಲ, ಅಲ್ಲಲ್ಲಿ ಸಾಲು ತಪ್ಪಿರುತ್ತದೆ. ದೊಡ್ಡ ಜಮಖಾನೆಯನ್ನು ಎಳೆಯಲಾಗದಿದ್ದಾಗ ಒಂದು ಸುಕ್ಕು ಎಬ್ಬಿಸಿ ಅದನ್ನೇ ತಳ್ಳಿಕೊಂಡು ಹೋಗುತ್ತೇವಲ್ಲ, ಹಾಗೆ ಆ ತಪ್ಪು ಒಂದೊಂದೇ ಸಾಲು ದಾಟುತ್ತದೆ. ಹರಳು ಒಡೆಯದೆ ಆಕಾರ ಬದಲಿಸುತ್ತದೆ.

ವಸ್ತು ತನ್ನ ಕರಗುವ ಬಿಸಿಗೆ ಹತ್ತಿರವಾದಷ್ಟೂ ಇದು ಸರಾಗವಾಗಿ ನಡೆಯುತ್ತದೆ. ಮೈನಸ್ 10 ಡಿಗ್ರಿ ನಮಗೆ ಕೊರೆಯುವ ಚಳಿ. ಮಂಜುಗಡ್ಡೆಗೆ ಮಾತ್ರ ಅದು ಸುಡುಬೇಸಿಗೆ, ಕರಗಲು ಇನ್ನು ಹತ್ತೇ ಡಿಗ್ರಿ ಬಾಕಿ!

1950ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಭೌತವಿಜ್ಞಾನಿ ಜಾನ್ ಗ್ಲೆನ್ ಮಂಜುಗಡ್ಡೆಯ ಮೇಲೆ ಭಾರ ಹೇರಿ ಅದು ಎಷ್ಟು ಬೇಗ ಆಕಾರ ಬದಲಿಸುತ್ತದೆ ಎಂದು ಅಳೆದರು. ಅವರ ಹೆಸರಿನ ನಿಯಮದ ಪ್ರಕಾರ, ಒತ್ತಡ ಎರಡು ಪಟ್ಟಾದರೆ ಹರಿವು ಸುಮಾರು ಎಂಟು ಪಟ್ಟಾಗುತ್ತದೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ಹಿಮನದಿಯ ದಪ್ಪ ಸ್ವಲ್ಪ ಜಾಸ್ತಿಯಾದರೂ ವೇಗ ಎಷ್ಟೊಂದು ಏರುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಮೇಲಿನ ಕೆಲವು ಹತ್ತು ಮೀಟರ್‌ನಲ್ಲಿ ಭಾರ ಕಡಿಮೆ, ಅಲ್ಲಿ ಮಂಜು ಬಿರುಕು ಬಿಡುತ್ತದೆ. ಅದರ ಕೆಳಗೆ ಭಾರಕ್ಕೆ ಬಿರುಕು ಮುಚ್ಚಿಹೋಗಿ, ಅದೇ ಮಂಜು ಹರಿಯುತ್ತದೆ. (ತಳದಲ್ಲಿ ನೀರಿದ್ದರೆ ಹಿಮನದಿ ನೆಲದ ಮೇಲೆ ಜಾರುವುದೂ ಉಂಟು. ಅದು ಬೇರೆ ವಿಷಯ.)

ಬಂಡೆಗೂ ಇದೇ ಲೆಕ್ಕ, ಬಿಸಿ ಮಾತ್ರ ಹೆಚ್ಚು ಬೇಕು. ಭೂಮಿಯ ಒಳಗೆ ಬೆಣಚುಕಲ್ಲು ಸುಮಾರು 300 ಡಿಗ್ರಿ ದಾಟಿದ ಮೇಲೆ ಬಾಗತೊಡಗುತ್ತದೆ. ಅದು ಕರಗಲು 1,600 ಡಿಗ್ರಿಗಿಂತ ಜಾಸ್ತಿ ಬೇಕು.

ಇನ್ನೂ ಆಳದಲ್ಲಿ, ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್ ಎಂಬ ದಪ್ಪ ಪದರ ಲಾವಾದ ಸಮುದ್ರ ಎಂದು ಹಲವರು ನಂಬಿದ್ದಾರೆ. ಆದರೆ ಭೂಕಂಪದ ಅಡ್ಡ ಅಲೆಗಳು (ಸಾಗುವ ದಿಕ್ಕಿಗೆ ಅಡ್ಡವಾಗಿ ಅಲುಗಿಸುವಂಥವು) ದ್ರವದಲ್ಲಿ ಸಾಗಲಾರವು, ಮ್ಯಾಂಟಲ್‌ನಲ್ಲಿ ಸಾಗುತ್ತವೆ. ಅಂದರೆ ಅದು ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಬಂಡೆ. ಆದರೂ ಹಿಮಯುಗದಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜು ಸ್ಕ್ಯಾಂಡಿನೇವಿಯಾವನ್ನು ಅದುಮಿದಾಗ ಆ ಬಂಡೆ ಪಕ್ಕಕ್ಕೆ ಹರಿಯಿತು. ಮಂಜು ಹೋಗಿ ಸುಮಾರು 10,000 ವರ್ಷವಾಯಿತು. ಬಂಡೆ ಈಗಲೂ ವಾಪಸ್ ಹರಿದು ಬರುತ್ತಿದೆ, ಸ್ವೀಡನ್, ಫಿನ್ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿಯ ಉತ್ತರದ ದಡ ವರ್ಷಕ್ಕೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಏರುತ್ತಿದೆ.