ಹೊಗೆಯ ಹಿಂದಿರುವ ಬಾರ್ಲಿ

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ಮಗ ರಜೆಗೆ ಬಂದಾಗ ಹತ್ತು ವರ್ಷದ ಲಫ್ರಾಯ್ಗ್ ವಿಸ್ಕಿ ತಂದಿದ್ದ. ಗ್ಲೆನ್‌ಲಿವೆಟ್‌ನಂಥ ಮೃದುವಾದ ವಿಸ್ಕಿಗೆ ಒಗ್ಗಿದ ನನಗೆ ಮೊದಲ ಗುಟುಕಿನಲ್ಲೇ ಆಸ್ಪತ್ರೆಯ ವಾಸನೆ ಬಡಿಯಿತು, ಲೋಟ ಕೆಳಗಿಟ್ಟೆ. ಇದನ್ನು ಬಲ್ಲವರು ಮೆಚ್ಚುವುದೇಕೆ? ಈ ರುಚಿಯನ್ನು ರೂಢಿಸಿಕೊಳ್ಳಲು ದಾರಿಯಿದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮೂಗು ತಪ್ಪು ಹೇಳಿಲ್ಲ. ಲಫ್ರಾಯ್ಗ್ ತಯಾರಾಗುವ ಐಲಾ ದ್ವೀಪದಲ್ಲಿ, ಜೌಗು ನೆಲದ ಪಾಚಿ ಮತ್ತು ಹುಲ್ಲು ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳ ಕಾಲ ಪದರಪದರವಾಗಿ ಅಡಕಗೊಂಡು ಪೀಟ್ ಎಂಬ ಕಪ್ಪು ಮಣ್ಣಾಗಿದೆ. ಮರಗಳು ವಿರಳವಾದ ಆ ದ್ವೀಪದವರು ಅದನ್ನೇ ಕಡಿದು, ಒಣಗಿಸಿ, ಸೌದೆಯಂತೆ ಉರಿಸುತ್ತಿದ್ದರು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವಾಗ ಪೀಟ್‌ನ ಹೊಗೆ ಕಾಳಿನ ಸಿಪ್ಪೆಗೆ ಹತ್ತುತ್ತದೆ, ಮತ್ತು ಆ ಹೊಗೆಯಲ್ಲಿ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಎಂಬ ಸಂಯುಕ್ತಗಳಿರುತ್ತವೆ. ಈ ಫೀನಾಲ್‌ನ ಹಳೆಯ ಹೆಸರೇ ಕಾರ್ಬಾಲಿಕ್ ಆಮ್ಲ. ಜೋಸೆಫ್ ಲಿಸ್ಟರ್ ಎಂಬ ವೈದ್ಯರು 1865ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಗಾಯಗಳು ಕೀವಾಗದಂತೆ ತಡೆಯಲು ಬಳಸಿದ್ದು ಇದನ್ನೇ. ಹಾಗಾಗಿ ಆಸ್ಪತ್ರೆಯ ನೆನಪು ಬಂದುದು ಸಹಜ.

ತೊಂದರೆಯಾದದ್ದು ನೀವು ಮೊದಲಿಗೇ ಹೊಗೆ ದಟ್ಟವಾಗಿರುವ ವಿಸ್ಕಿಗೆ ಹೋದದ್ದರಿಂದ. ಮಾಲ್ಟ್‌ನಲ್ಲಿರುವ, ಅಂದರೆ ಹೀಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿರುವ, ಫೀನಾಲ್‌ನ ಪ್ರಮಾಣವನ್ನು ದಶಲಕ್ಷಕ್ಕೆ ಇಷ್ಟು ಭಾಗ ಎಂದು ಅಳೆಯುತ್ತಾರೆ. ಅದೇ ದ್ವೀಪದ ವಿಸ್ಕಿಗಳಲ್ಲಿ ಬೊಮೋರ್‌ಗೆ ಅದು ಸುಮಾರು 25, ಲಫ್ರಾಯ್ಗ್‌ಗೆ 40ಕ್ಕೂ ಹೆಚ್ಚು, ಆರ್ಡ್‌ಬೆಗ್‌ಗೆ ಸುಮಾರು 55. ಆದರೆ ಈ ಅಂಕಿಗೆ ಮರುಳಾಗಬೇಡಿ. ಅದು ಮಾಲ್ಟ್‌ನ ಲೆಕ್ಕವೇ ಹೊರತು ಲೋಟದ ಲೆಕ್ಕವಲ್ಲ. ಬಟ್ಟಿ ಇಳಿಸುವಾಗ ಭಾರವಾದ ಹೊಗೆಯ ಅಂಶಗಳು ತಡವಾಗಿ ಹೊರಬರುತ್ತವೆ. ಆದ್ದರಿಂದ ಇಳಿದುಬರುವ ದ್ರವವನ್ನು ಎಲ್ಲಿಯವರೆಗೆ ಹಿಡಿದು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ರುಚಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅದೇ ದ್ವೀಪದ ಲಗವೂಲಿನ್ ಮತ್ತು ಕಲ್ ಈಲಾ ವಿಸ್ಕಿಗಳಿಗೆ ಅಲ್ಲಿನ ಪೋರ್ಟ್ ಎಲೆನ್ ಊರಿನಿಂದ ಬರುವ ಮಾಲ್ಟ್‌ನಲ್ಲಿ ಹೊಗೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೂ ಮೊದಲನೆಯದು ದಟ್ಟವಾಗಿ ಸಿಹಿ ಕಮರನ್ನು ಬಿಟ್ಟರೆ, ಎರಡನೆಯದು ನಿಂಬೆಸಿಪ್ಪೆಯಂತೆ ಹಗುರ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸವಿದ ದಿನವೇ, ಹೊಗೆಯೆಂಬುದು ಒಂದು ರುಚಿಯಲ್ಲ, ಹಲವು ರುಚಿಗಳು ಎಂದು ನನಗೆ ಅರ್ಥವಾಯಿತು.

ನೀವು ಬೊಮೋರ್‌ನ ಹನ್ನೆರಡು ವರ್ಷದ ವಿಸ್ಕಿಯಿಂದ ಆರಂಭಿಸಿ. ಹತ್ತಿರದಲ್ಲೇ ಸಿಗುವಂಥದು ಬೇಕೆಂದರೆ ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಫ್ಯೂಷನ್ ಇದೆ. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿಯನ್ನು ಕೂಡಿಸಿ ಮಾಡಿದ ಅದರಲ್ಲಿ ಹೊಗೆ ಹಿನ್ನೆಲೆಯಲ್ಲೇ ನಿಲ್ಲುತ್ತದೆ. ಅದರ ಆಲ್ಕೋಹಾಲ್ ಶೇ 50ರಷ್ಟಿರುವುದರಿಂದ ನೀರು ಬೆರೆಸುವುದು ಅಗತ್ಯ.

ಬಾಯಿ ಕಿರಿದಾದ ಲೋಟಕ್ಕೆ 15 ಮಿಲಿಲೀಟರಿನಷ್ಟು ಹಾಕಿದರೆ ಸಾಕು. ಮೂಗನ್ನು ಲೋಟದೊಳಕ್ಕೆ ಇಳಿಸದೆ, ಲೋಟವನ್ನು ಗಲ್ಲದ ಬಳಿ ಹಿಡಿದು ಬಾಯಿ ಅರೆ ತೆರೆದು ಉಸಿರೆಳೆದುಕೊಳ್ಳಿ. ಐಸ್ ಬೇಡ, ತಂಪಿನಲ್ಲಿ ಪರಿಮಳ ಮುಚ್ಚಿಹೋಗುತ್ತದೆ. ಮೊದಲ ಗುಟುಕನ್ನು ತೀರ್ಪಿಗೆ ಲೆಕ್ಕಿಸದೆ, ಕೆಲವು ಹನಿ ನೀರು ಬೆರೆಸಿ, ಕಾಲು ಗಂಟೆ ಬಿಟ್ಟು ಮತ್ತೆ ಎತ್ತಿಕೊಳ್ಳಿ. ಅಷ್ಟರಲ್ಲಿ ಮೂಗು ಹೊಗೆಗೆ ಒಗ್ಗಿ, ಅದರ ಹಿಂದಿರುವ ಬಾರ್ಲಿಯ ಸಿಹಿ, ಉಪ್ಪಿನ ಎಳೆ, ಮರದ ಪೀಪಾಯಿಯ ವೆನಿಲಾ ಒಂದೊಂದಾಗಿ ಸಿಗತೊಡಗುತ್ತವೆ. ಮಲೆನಾಡಿನ ಮನೆಗಳ ಬಚ್ಚಲೊಲೆಯ ಹೊಗೆವಾಸನೆಯಲ್ಲಿ ಬೆಳೆದವರಿಗೆ ಇದು ಬೇಗ ಒಲಿಯುವುದನ್ನು ನಾನು ಕಂಡಿದ್ದೇನೆ.

ಮಗ ತಂದ ಸೀಸೆಯನ್ನು ಬಿರಡೆ ಬಿಗಿದು, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ಕೆಲವು ತಿಂಗಳ ನಂತರ, ಅವನು ಮತ್ತೆ ಬಂದಾಗ, ಇಬ್ಬರೂ ಕೂಡಿ ಅದನ್ನು ತೆರೆಯಿರಿ. ಆಗಲೂ ಇಷ್ಟವಾಗದಿದ್ದರೆ ಅದನ್ನು ಅವನಿಗೇ ಬಿಟ್ಟು, ನಿಮ್ಮ ಗ್ಲೆನ್‌ಲಿವೆಟ್‌ಗೆ ನಿಶ್ಚಿಂತೆಯಿಂದ ಮರಳಿ.