ಹೆಸರಿಗೆ ‘ಸುಪೀರಿಯರ್’, ಅಸಲಿಗೆ ಕೇಸು ಶುರುವಾಗುವ ಕೋರ್ಟು

ನಿಮ್ಮ ಪ್ರಶ್ನೆಯ ಸಾರ ಇದು: ಎಚ್‌-1ಬಿ ಕೆಲಸದ ವೀಸಾ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಎಂಟು ತಿಂಗಳಾಗಿದೆ. ಸಾಂಟಾ ಕ್ಲಾರಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸುಪೀರಿಯರ್ ಕೋರ್ಟ್‌ನಿಂದ ಜ್ಯೂರಿ ಡ್ಯೂಟಿಗೆ, ಅಂದರೆ ಕೇಸು ಕೇಳಿ ನಿರ್ಧಾರ ಹೇಳುವ ಜನಸಾಮಾನ್ಯರ ಗುಂಪಿನಲ್ಲಿ ಕೂರಲು, ಪತ್ರ ಬಂದಿದೆ. ಇದೇನು ಹೈಕೋರ್ಟಾ, ನಮ್ಮ ಜಿಲ್ಲಾ ಕೋರ್ಟಿನ ಥರದ್ದಾ? ಹಳೇ ಮನೆ ಮಾಲೀಕ ಡೆಪಾಸಿಟ್ ವಾಪಸ್ ಕೊಡುತ್ತಿಲ್ಲ, ಅದಕ್ಕೂ ಇಲ್ಲಿಗೇ ಹೋಗಬೇಕಾ?

ಮೊದಲು ಆ ಪತ್ರದ ಕಥೆ ಮುಗಿಸೋಣ. ನೀವೇನೂ ತಪ್ಪು ಮಾಡಿಲ್ಲ. ಜ್ಯೂರಿಗೆ ಹೆಸರು ಆರಿಸುವ ಪಟ್ಟಿಯಲ್ಲಿ ಮತದಾರರ ಜೊತೆಗೆ ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓ) ಲೈಸೆನ್ಸ್ ಮಾಡಿಸಿದವರೂ ಇರುತ್ತಾರೆ. ನೀವು ಲೈಸೆನ್ಸ್ ಮಾಡಿಸಿದಿರಿ, ಹೆಸರು ಬಂತು, ಅಷ್ಟೇ. ಆದರೆ ಜ್ಯೂರಿಯಲ್ಲಿ ಕೂರಲು ಅಮೆರಿಕದ ಪ್ರಜೆಯೇ ಆಗಿರಬೇಕು. ‘ನಾನು ಪ್ರಜೆಯಲ್ಲ’ ಎಂದು ಗುರುತು ಹಾಕಿ ಉತ್ತರ ಕಳಿಸಿ. ಪತ್ರವನ್ನು ಸುಮ್ನೆ ಕಸಕ್ಕೆ ಎಸೆಯಬೇಡಿ. ಪ್ರಜೆ ಅಂತ ಅಪ್ಪಿತಪ್ಪಿಯೂ ಟಿಕ್ ಮಾಡಬೇಡಿ, ಮುಂದೆ ವೀಸಾ, ಗ್ರೀನ್ ಕಾರ್ಡ್ ವಿಷಯದಲ್ಲಿ ದೊಡ್ಡ ತಲೆನೋವಾಗುತ್ತದೆ.

ಈಗ ಕೋರ್ಟಿನ ವಿಷಯ. ‘ಸುಪೀರಿಯರ್’ ಅನ್ನೋ ಹೆಸರು ನೋಡಿ ಹತ್ತು ವರ್ಷದ ಹಿಂದೆ ನಾನೂ ಹೆದರಿದ್ದೆ. ಅಸಲಿಗೆ ಇದು ಕ್ಯಾಲಿಫೋರ್ನಿಯಾದ ಅತಿ ಕೆಳಗಿನ ಕೋರ್ಟು. ಮುಂಚೆ ಇದರ ಕೆಳಗೆ ಮುನಿಸಿಪಲ್ ಕೋರ್ಟುಗಳಿದ್ದವು. ಸಣ್ಣಪುಟ್ಟ ಕೇಸೆಲ್ಲ ಅಲ್ಲಿ ನಡೆಯುತ್ತಿತ್ತು, ಆಗ ಈ ಹೆಸರಿಗೆ ಒಂದು ಅರ್ಥ ಇತ್ತು. 1998ರಲ್ಲಿ ಜನ ಮತ ಹಾಕಿ ಎರಡನ್ನೂ ಸೇರಿಸಲು ದಾರಿ ಮಾಡಿಕೊಟ್ಟರು. 2001ರ ಹೊತ್ತಿಗೆ 58 ಕೌಂಟಿಗಳಲ್ಲೂ ಒಂದೊಂದೇ ಕೋರ್ಟು ಉಳಿಯಿತು. ಕೆಳಗಿನದು ಹೋಯಿತು, ಮೇಲಿನದರ ಹೆಸರು ಮಾತ್ರ ಹಾಗೇ ಇದೆ. ಸುಮಾರು 1,200 ಜನರಿರುವ ಆಲ್ಪೈನ್ ಕೌಂಟಿಗೂ ಒಂದು ಸುಪೀರಿಯರ್ ಕೋರ್ಟು, ಕೋಟಿ ಹತ್ತಿರ ಜನರಿರುವ ಲಾಸ್ ಏಂಜಲೀಸ್‌ಗೂ ಒಂದೇ.

ನಮ್ಮ ಕಡೆ ತಾಲ್ಲೂಕಿನಲ್ಲಿ ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ, ಮೇಲೆ ಹಿರಿಯ ಶ್ರೇಣಿ, ಅದರ ಮೇಲೆ ಜಿಲ್ಲಾ ಮತ್ತು ಸೆಷನ್ಸ್ ಅಂತ ಮೆಟ್ಟಿಲುಗಳಿವೆ ಅಲ್ವಾ? ಇಲ್ಲಿ ಆ ಮೆಟ್ಟಿಲುಗಳಿಲ್ಲ. ಒಂದೇ ಮನೆ, ಕೋಣೆಗಳು ಬೇರೆ ಬೇರೆ. ಸ್ಪೀಡಿಂಗ್ ಟಿಕೆಟ್ಟೂ ಇಲ್ಲೇ, ಕೊಲೆ ಕೇಸೂ ಇಲ್ಲೇ. ಅದಕ್ಕೇ ಪತ್ರದ ತಲೆಬರಹ ನೋಡಿದರೆ ಏನೂ ತಿಳಿಯುವುದಿಲ್ಲ. ಯಾವ ವಿಭಾಗ, ಯಾವ ಕಟ್ಟಡ ಅಂತ ಹುಡುಕಿ ಓದಬೇಕು. ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿ ಸಿವಿಲ್ ಕೇಸಿನ ಕಟ್ಟಡ ಇದೆ. ಅದೇ ಬೀದಿಯಲ್ಲಿ 2016ರಲ್ಲಿ ತೆರೆದ ಫ್ಯಾಮಿಲಿ ಜಸ್ಟೀಸ್ ಸೆಂಟರ್ ಇದೆ. ಕ್ರಿಮಿನಲ್ ಕೇಸಿನ ಹಾಲ್ ಆಫ್ ಜಸ್ಟೀಸ್ ಇರುವುದು ವೆಸ್ಟ್ ಹೆಡ್ಡಿಂಗ್ ಸ್ಟ್ರೀಟ್‌ನಲ್ಲಿ. ಪಾಲೋ ಆಲ್ಟೊದಲ್ಲಿ, ಮಾರ್ಗನ್ ಹಿಲ್‌ನಲ್ಲಿ ಬೇರೆ ಕಟ್ಟಡಗಳಿವೆ. ನನ್ನ ಗೆಳೆಯನೊಬ್ಬ ತಪ್ಪು ಕಟ್ಟಡದ ಸೆಕ್ಯುರಿಟಿ ಸಾಲಿನಲ್ಲಿ ಬೆಲ್ಟ್ ಬಿಚ್ಚಿ ನಿಂತು, ಒಳಗೆ ಹೋದಮೇಲೆ ವಿಷಯ ಗೊತ್ತಾಗಿ, ಮತ್ತೆ ಓಡಿದ್ದ.

ನಮ್ಮಂಥವರು ಜಾಸ್ತಿ ನೋಡುವುದು ಟ್ರಾಫಿಕ್ ವಿಭಾಗವನ್ನೇ. ಮಿತಿಗಿಂತ ಸ್ವಲ್ಪ ವೇಗವಾಗಿ ಓಡಿಸಿದರೆ ಮೂಲ ದಂಡ 35 ಡಾಲರ್ ಅಂತ ಇದ್ದರೂ ಅದಕ್ಕೆ ಬಾಲಂಗೋಚಿಗಳು ಸೇರಿ 200 ದಾಟುತ್ತದೆ. ತಪ್ಪಿಲ್ಲ ಅನ್ನಿಸಿದರೆ ಕೋರ್ಟಿಗೆ ಹೋಗದೆ ಬರಹದಲ್ಲೇ ವಾದ ಕಳಿಸಬಹುದು. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಅದು ಟ್ರಾಫಿಕ್ ಅಲ್ಲ, ಕ್ರಿಮಿನಲ್. ಆಗ ನನ್ನ ಉತ್ತರ ಓದುತ್ತಾ ಕೂರಬೇಡಿ, ವಕೀಲರನ್ನು ಹಿಡಿಯಿರಿ. ಮಿಕ್ಕಂತೆ ವಿಚ್ಛೇದನ, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನೋದು, ಮನೆ ಖಾಲಿ ಮಾಡಿಸುವ ಕೇಸು, ಹೆಸರು ಬದಲಾವಣೆ, ತೀರಿಕೊಂಡವರ ಆಸ್ತಿ ಹಂಚಿಕೆ, ಮೈನರ್ ಮಕ್ಕಳ ಕೇಸು, ಎಲ್ಲವೂ ಇದೇ ಕೋರ್ಟಿನ ಬೇರೆ ಬೇರೆ ವಿಭಾಗಗಳು. ದುಡ್ಡಿನ ವ್ಯಾಜ್ಯವಾದರೆ 35,000 ಡಾಲರ್‌ವರೆಗೆ ಒಂದು ಬಗೆಯ ಕೇಸು, ಅದಕ್ಕಿಂತ ಜಾಸ್ತಿ ಆದರೆ ಇನ್ನೊಂದು ಬಗೆ.

ಜಡ್ಜ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇಂದಿಗೂ ವಿಚಿತ್ರ ಅನ್ನಿಸುವುದು ಇದೇ. ಇಲ್ಲಿ ಅವರು ಚುನಾವಣೆಗೆ ನಿಲ್ಲುತ್ತಾರೆ! ಆರು ವರ್ಷದ ಅವಧಿ, ಪಕ್ಷದ ಚಿಹ್ನೆ ಇಲ್ಲ. ಮಧ್ಯದಲ್ಲಿ ಜಾಗ ಖಾಲಿಯಾದರೆ ಗವರ್ನರ್ ತುಂಬುತ್ತಾರೆ. ಜನ ಬೇಕೆಂದರೆ ವಾಪಸ್ಸೂ ಕರೆಸಬಹುದು. ಇದೇ ಕೌಂಟಿಯ ಜಡ್ಜ್ ಆರನ್ ಪರ್ಸ್ಕಿ ಒಂದು ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಆರು ತಿಂಗಳ ಜೈಲು ಮಾತ್ರ ಕೊಟ್ಟರು ಎಂದು ಜನ ಸಿಟ್ಟಿಗೆದ್ದು, 2018ರ ಜೂನ್‌ನಲ್ಲಿ ಮತ ಹಾಕಿ ಅವರನ್ನು ಕೆಳಗಿಳಿಸಿದರು. ತೀರ್ಪು ಇಷ್ಟವಾಗಲಿಲ್ಲ ಅಂತ ಜಡ್ಜ್‌ನ ಕೆಲಸ ತೆಗೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಇಲ್ಲಿನ ನನ್ನ ಗೆಳೆಯರಲ್ಲಿ ಅರ್ಧ ಜನ ಇದನ್ನು ಒಪ್ಪುವುದಿಲ್ಲ.

ಇನ್ನೊಂದು ಗೊಂದಲ. ‘ಕೌಂಟಿ ಕೋರ್ಟು’ ಅಂತ ಬಾಯಲ್ಲಿ ಹೇಳಿದರೂ ಇದನ್ನು ನಡೆಸುವುದು ಕೌಂಟಿಯಲ್ಲ. 1997ರ ಕಾನೂನಿನಿಂದ ಖರ್ಚಿನ ಹೊಣೆ ರಾಜ್ಯಕ್ಕೆ ಹೋಯಿತು. ಶೆರಿಫ್, ಜೈಲು, ಸರ್ಕಾರದ ಪರ ವಾದಿಸುವ ಡಿಎ ಕಚೇರಿ, ಇವು ಕೌಂಟಿಯವು. ಮದುವೆ ಲೈಸೆನ್ಸ್ ಕೊಡುವುದೂ ಕೋರ್ಟಲ್ಲ, ಕೌಂಟಿ ಕ್ಲರ್ಕ್ ಕಚೇರಿ. ವೀಸಾ, ಗಡಿಪಾರು, ದಿವಾಳಿ, ಪೇಟೆಂಟ್ ಎಲ್ಲ ಫೆಡರಲ್, ಅಂದರೆ ಕೇಂದ್ರದ ವಿಷಯ, ಅವಕ್ಕೆ ಈ ಬಾಗಿಲು ತಟ್ಟಬೇಡಿ. ಹಾಗೇ, ಇದು ಕ್ಯಾಲಿಫೋರ್ನಿಯಾದ ಲೆಕ್ಕ. ನ್ಯೂಯಾರ್ಕ್‌ನಲ್ಲಿ ‘ಸುಪ್ರೀಂ ಕೋರ್ಟ್’ ಅಂದರೇ ವಿಚಾರಣಾ ಕೋರ್ಟು. ಟೆಕ್ಸಾಸ್‌ನಲ್ಲಿ ‘ಕೌಂಟಿ ಜಡ್ಜ್’ ಅಂದರೆ ಕೌಂಟಿ ಆಡಳಿತದ ಮುಖ್ಯಸ್ಥರು. ಬೇರೆ ರಾಜ್ಯದ ಗೆಳೆಯರ ಸಲಹೆ ಕಣ್ಣುಮುಚ್ಚಿ ನಂಬಬೇಡಿ.

ಇನ್ನು ನಿಮ್ಮ ಡೆಪಾಸಿಟ್. ಹೌದು, ಇದೇ ಕೋರ್ಟು, ಆದರೆ ಸ್ಮಾಲ್ ಕ್ಲೇಮ್ಸ್ ವಿಭಾಗ. ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಇಲ್ಲಿ ಕೇಳಬಹುದು. ವಿಚಾರಣೆಯಲ್ಲಿ ನಿಮ್ಮ ಪರ ವಕೀಲರು ನಿಲ್ಲುವ ಹಾಗಿಲ್ಲ, ಮಾಲೀಕರ ಪರವೂ ಇಲ್ಲ. ನೀವೇ ಮಾತಾಡಬೇಕು.

ನಾನೂ ಈ ದಾರಿ ಹಿಡಿದವನೇ. ನಮ್ಮ ಮಾಲೀಕರು ಕಾರ್ಪೆಟ್ಟು, ಪೇಂಟು ಅಂತ 1,800 ಡಾಲರ್ ಹಿಡಿದುಕೊಂಡಿದ್ದರು. ಇಲ್ಲಿನ ಕಾನೂನಿನ ಪ್ರಕಾರ ಮನೆ ಬಿಟ್ಟ 21 ದಿನದೊಳಗೆ ಡೆಪಾಸಿಟ್ ವಾಪಸ್ ಕೊಡಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದೆವು ಅಂತ ಪಟ್ಟಿ ಕೊಡಬೇಕು. ಅವರು ಎರಡನ್ನೂ ಮಾಡಲಿಲ್ಲ. ನಾನು ಮೊದಲು ಒಂದು ಪತ್ರ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಎಸ್‌ಸಿ-100 ಅನ್ನೋ ಫಾರಂ ತುಂಬಿ 50 ಡಾಲರ್ ಕಟ್ಟಿದೆ. ಅದರ ಪ್ರತಿಯನ್ನು ಎದುರಿನವರಿಗೆ ನಾವೇ ಕೊಡುವ ಹಾಗಿಲ್ಲ, ಕೇಸಿಗೆ ಸಂಬಂಧವಿಲ್ಲದ ಇನ್ನೊಬ್ಬರು ಕೊಡಬೇಕು. ಅದೇ ಬೆಲ್ಟ್ ಬಿಚ್ಚಿದ ಗೆಳೆಯ ಹೋಗಿ ಕೊಟ್ಟ.

ವಿಚಾರಣೆ ಹದಿನೈದು ನಿಮಿಷವೂ ನಡೆಯಲಿಲ್ಲ. ಕೂತಿದ್ದವರು ಖಾಯಂ ಜಡ್ಜ್ ಅಲ್ಲ, ಆ ದಿನಕ್ಕೆ ಜಡ್ಜ್ ಆಗಿ ಬಂದ ವಕೀಲರು. ಒಪ್ಪಿಗೆ ಇದೆಯಾ ಅಂತ ಮೊದಲೇ ಇಬ್ಬರನ್ನೂ ಕೇಳಿದರು. ನಾನು ಹಿಂದಿನ ರಾತ್ರಿ ಭಾಷಣವನ್ನೇ ಬಾಯಿಪಾಠ ಮಾಡಿದ್ದೆ. ಅವರು ಕೇಳಿದ್ದು ಒಂದೇ ಮಾತು: ‘ಮನೆಗೆ ಬಂದ ದಿನದ ಫೋಟೋ ಇದೆಯಾ?’ ಇತ್ತು. ಕಾರ್ಪೆಟ್ಟಿನ ಕಲೆ ಆಗಲೇ ಇದ್ದದ್ದು ಅದರಲ್ಲಿ ಕಂಡಿತು. ತೀರ್ಪು ಅಂಚೆಯಲ್ಲಿ ಬಂತು, 1,550 ಡಾಲರ್ ನನ್ನ ಪಾಲಿಗೆ. ಉಳಿದದ್ದು ಗೋಡೆಗೆ ನಾನೇ ಹೊಡೆದ ಮೊಳೆಗಳ ಲೆಕ್ಕ. ನ್ಯಾಯವೇ.

ಒಂದು ಮಾತು ನೆನಪಿಡಿ. ಕೇಸು ಹಾಕಿದವರು ಸೋತರೆ ಅಲ್ಲಿಗೆ ಮುಗಿಯಿತು, ಮೇಲ್ಮನವಿ ಇಲ್ಲ. ಎದುರಿನವರು ಸೋತರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಆಗ ಬೇರೆ ಜಡ್ಜ್ ಮುಂದೆ ಮೊದಲಿನಿಂದ ವಿಚಾರಣೆ. ಗೆದ್ದರೂ ಕೋರ್ಟು ದುಡ್ಡು ವಸೂಲು ಮಾಡಿಕೊಡುವುದಿಲ್ಲ, ಆ ಓಡಾಟ ನಮ್ಮದೇ. ನಮ್ಮ ಮಾಲೀಕರು ಐದನೇ ವಾರ ಚೆಕ್ ಕಳಿಸಿದರು. ನಿಮ್ಮ ಹತ್ತಿರ ಮನೆಗೆ ಬಂದ ದಿನದ ಫೋಟೋ ಇದ್ದರೆ ಇವತ್ತೇ ಹುಡುಕಿ ತೆಗೆದಿಡಿ. ಇಲ್ಲದಿದ್ದರೆ ಮಾಲೀಕರ ಹಳೇ ಇಮೇಲ್, ಮೆಸೇಜ್‌ಗಳಲ್ಲಿ ಏನಾದರೂ ಸಿಗುತ್ತದಾ ನೋಡಿ. ಫಾರಂ ತುಂಬುವಾಗ ಗೊಂದಲವಾದರೆ ಕೋರ್ಟಿನ ಸೆಲ್ಫ್-ಹೆಲ್ಪ್ ಸೆಂಟರ್‌ನಲ್ಲಿ ದುಡ್ಡಿಲ್ಲದೆ ವಿವರಿಸುತ್ತಾರೆ. ಸ್ವಲ್ಪ ಬೇಗ ಹೋಗಿ, ಸಾಲು ಉದ್ದ ಇರುತ್ತದೆ.