ವೇಶ್ಯಾವೃತ್ತಿ ಅಪರಾಧ ಅಲ್ಲ ಅಂತಾರೆ, ಹಾಗಾದ್ರೆ ಪೊಲೀಸರು ರೇಡ್ ಮಾಡಿ ಹೆಂಗಸರನ್ನು ಕರ್ಕೊಂಡು ಹೋಗೋದು ಯಾಕೆ?

ನಾನು ವಕೀಲೆ. ಇಂಥ ಕೇಸುಗಳಲ್ಲಿ ಹೆಂಗಸರ ಪರ ನಿಲ್ಲುತ್ತೇನೆ. ನಿಮ್ಮ ಗೊಂದಲ ಸಹಜವೇ.

ವಯಸ್ಕ ಹೆಂಗಸು ತಾನಾಗಿ ಈ ಕೆಲಸ ಮಾಡಿದರೆ ಅದು ನಮ್ಮಲ್ಲಿ ಅಪರಾಧ ಅಲ್ಲ. ಆದರೆ ಅದರ ಸುತ್ತಮುತ್ತಲಿನದೆಲ್ಲ ಹೆಚ್ಚುಕಮ್ಮಿ ಅಪರಾಧವೇ. ಇದು ಹೀಗಾಗಲು ಕಾನೂನು ಹುಟ್ಟಿದ ರೀತಿಯೇ ಕಾರಣ. ಮಾನವ ಕಳ್ಳಸಾಗಣೆ ತಡೆಯುವ 1950ರ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ ಸಹಿ ಹಾಕಿತ್ತು. ಅದರ ಬೆನ್ನಿಗೇ 1956ರಲ್ಲಿ ಬಂದದ್ದು ಪೊಲೀಸರು ಇವತ್ತು ‘ಪೀಟಾ’ ಅನ್ನುವ ಕಾಯ್ದೆ, ಅಂದರೆ ಅನೈತಿಕ ಸಾಗಣೆ ತಡೆ ಕಾಯ್ದೆ. ಕದ್ದು ಸಾಗಿಸುವವರನ್ನು ಹಿಡಿಯಲು ಬರೆದ ಕಾನೂನಿನಿಂದಲೇ ಈ ವೃತ್ತಿಯನ್ನೂ ಆಳುತ್ತಿದ್ದೇವೆ.

ಪರಿಣಾಮ ನೋಡಿ. ಇಬ್ಬರು ಹೆಂಗಸರು ಸೇರಿ ಬಾಡಿಗೆಗೆ ಮನೆ ಹಿಡಿದು, ಇಬ್ಬರ ಲಾಭಕ್ಕೂ ಕೆಲಸ ಮಾಡಿದರೆ, ಅಲ್ಲಿ ದಲ್ಲಾಳಿ ಇಲ್ಲದಿದ್ದರೂ ಆ ಮನೆಗೆ ‘ವೇಶ್ಯಾಗೃಹ’ದ ಪಟ್ಟ ಕಟ್ಟಬಹುದು. ಗೊತ್ತಿದ್ದೂ ಮನೆ ಕೊಟ್ಟ ಮಾಲೀಕನಿಗೂ ಶಿಕ್ಷೆ ಇದೆ. ಹಾಗಾಗಿ ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವನು ಖಾಲಿ ಮಾಡಿಸುತ್ತಾನೆ. 4ನೇ ಕಲಂ ಪ್ರಕಾರ, ಗೊತ್ತಿದ್ದೂ ಇಂಥ ಹೆಂಗಸಿನ ಸಂಪಾದನೆಯಲ್ಲಿ ಬದುಕುವ 18 ದಾಟಿದ ಯಾರೇ ಆದರೂ ತಪ್ಪಿತಸ್ಥರು. ಕಾಲೇಜಿಗೆ ಹೋಗುವ ಮಗ, ವಯಸ್ಸಾದ ತಾಯಿಯೂ ಇದರಲ್ಲಿ ಸಿಕ್ಕಿಕೊಳ್ಳಬಹುದು. ಇದಕ್ಕಿಂತ ಕ್ರೂರವಾದ ಕಲಂ ಈ ಕಾಯ್ದೆಯಲ್ಲಿ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಇನ್ನು ‘ರಕ್ಷಣೆ’ಯ ವಿಷಯ. 17ನೇ ಕಲಂ ಪ್ರಕಾರ, ವಿಚಾರಣೆ ಆದ ಮೇಲೆ ಮ್ಯಾಜಿಸ್ಟ್ರೇಟರು ದಾಳಿಯಲ್ಲಿ ಸಿಕ್ಕ ಹೆಂಗಸನ್ನು 1ರಿಂದ 3 ವರ್ಷ ರಕ್ಷಣಾ ಗೃಹದಲ್ಲಿ ಇಡಬಹುದು. ಅವಳ ಮೇಲೆ ಯಾವ ಆರೋಪವೂ ಇರಬೇಕಾಗಿಲ್ಲ! 2019ರಲ್ಲಿ ಮುಂಬೈನ ಒಂದು ದಾಳಿಯಲ್ಲಿ ಸಿಕ್ಕ ಮೂವರು ಯುವತಿಯರಿಗೆ ಆಗಿದ್ದು ಇದೇ. ಮೂವರೂ ವಯಸ್ಕರು. ಅವರ ಸಮುದಾಯದಲ್ಲಿ ಈ ವೃತ್ತಿಯ ಪದ್ಧತಿ ಇದೆ, ಅಪ್ಪ-ಅಮ್ಮನ ಜೊತೆ ಕಳಿಸುವುದು ಕ್ಷೇಮವಲ್ಲ ಅಂತ ಹೇಳಿ ಮ್ಯಾಜಿಸ್ಟ್ರೇಟ್ ಕೋರ್ಟು ಒಂದು ವರ್ಷ ಗೃಹಕ್ಕೆ ಕಳಿಸಿತು. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟು ಆ ಆದೇಶ ರದ್ದು ಮಾಡಿತು: ವಯಸ್ಕ ಹೆಂಗಸಿಗೆ ತನ್ನ ಕೆಲಸ ಆರಿಸಿಕೊಳ್ಳುವ ಹಕ್ಕಿದೆ, ಒಪ್ಪಿಗೆ ಇಲ್ಲದೆ ಕೂಡಿಹಾಕುವ ಹಾಗಿಲ್ಲ.

ಸಾಗಣೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಕ್ಕಳನ್ನು, ಮೋಸದಿಂದ ಕರೆತಂದವರನ್ನು ಬಿಡಿಸಲೇಬೇಕು, ಅಲ್ಲಿ ಅರ್ಧ ದಿನವೂ ತಡ ಮಾಡಬಾರದು. ಆದರೆ ಬಾಗಿಲು ಒಡೆದು ಒಳಗೆ ಬಂದವರು ‘ನಿನಗೆ ಏನು ಬೇಕು’ ಅಂತ ಅವಳನ್ನು ಒಂದು ಮಾತು ಕೇಳಬೇಕಲ್ವಾ?

2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಲ್ಲಿ ಇದೇ ಬೇರೆ ಮಾತಲ್ಲಿ ಇದೆ. ದಾಳಿ ನಡೆದಾಗ ಸ್ವಇಚ್ಛೆಯಿಂದ ಈ ಕೆಲಸದಲ್ಲಿರುವವರನ್ನು ಬಂಧಿಸಬಾರದು, ಪೀಡಿಸಬಾರದು ಅಂತ ಕೋರ್ಟೇ ನೇಮಿಸಿದ್ದ ಸಮಿತಿ ಶಿಫಾರಸು ಮಾಡಿತ್ತು; ಆದರೆ ಇದಕ್ಕೆ ಕೇಂದ್ರ ಸರ್ಕಾರದ ತಕರಾರಿತ್ತು. ಇಷ್ಟವಿಲ್ಲದೆ ಗೃಹಗಳಲ್ಲಿ ಉಳಿದಿರುವ ವಯಸ್ಕರ ಸಮೀಕ್ಷೆ ಮಾಡಿ, ಗಡುವಿನೊಳಗೆ ಬಿಡುಗಡೆಗೆ ಕ್ರಮ ತೆಗೆದುಕೊಳ್ಳಬೇಕು ಅಂತ ಕೋರ್ಟು ರಾಜ್ಯಗಳಿಗೆ ಸೂಚಿಸಿತು. ನಿಮಗೆ ಗೊತ್ತಿರುವ ಯಾರಾದರೂ ಹೀಗೆ ಸಿಕ್ಕಿಬಿದ್ದಿದ್ದರೆ, ವಯಸ್ಸಿನ ದಾಖಲೆ ಮತ್ತು ಈ ಆದೇಶದ ಪ್ರತಿ ಹಿಡಿದು ಮೊದಲ ದಿನವೇ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಆದಾಯದ ಮಿತಿಯೂ ಇಲ್ಲ.